ರೆಪ್ಪೆಯಿಲ್ಲದ ಕಣ್ಣಿಗೆ ಇರುಳು

ಕನಕಪುರದ ಬಳಿಯ ನಮ್ಮ ಮರಳವಾಡಿ ಕಡೆಯ ಹೊಲದ ಬದುಗಳಲ್ಲಿ, ಕಲ್ಲುಸಂದಿಗಳಲ್ಲಿ ಹಾವಿನ ಪೊರೆ ಕಣ್ಣಿಗೆ ಬೀಳುವುದು ಹೊಸತೇನಲ್ಲ. ತಲೆಯ ಭಾಗ ಹರಿಯದೆ ಉಳಿದಿದ್ದರೆ ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಕಣ್ಣಿದ್ದ ಜಾಗದಲ್ಲಿ ತೂತು ಇರುವುದಿಲ್ಲ. ತುಸು ಉಬ್ಬಿದ, ತಿಳಿಯಾದ ಪುಟ್ಟ ಬಿಲ್ಲೆಯೊಂದು ಇರುತ್ತದೆ. ಹಾವಿಗೆ ರೆಪ್ಪೆಯಿಲ್ಲ. ರೆಪ್ಪೆಯ ಬದಲು ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಕೂತಿದೆ, ಮೈಚರ್ಮದ ಜೊತೆಗೆ ಅದೂ ಕಳಚಿ ಹೊಸದಾಗುತ್ತದೆ. ಅಂದರೆ ಹಾವು ಕಣ್ಣು ಮುಚ್ಚಲಾರದು. ನಿದ್ದೆಯಲ್ಲೂ ಬೆಳಕು ಒಳಗೆ ಬರುತ್ತಲೇ ಇರುತ್ತದೆ. ಕತ್ತಲು ಬೇಕಾದರೆ ಅದು ಕತ್ತಲಿದ್ದಲ್ಲಿಗೆ ಹೋಗಬೇಕು, ಇಲ್ಲವೇ ಲೋಕವೇ ಕತ್ತಲಾಗುವವರೆಗೆ ಕಾಯಬೇಕು. ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುವವರನ್ನು ನೆನೆದಾಗೆಲ್ಲ ನನ್ನ ಮನಸ್ಸು ಇಲ್ಲಿಗೇ ಬಂದು ನಿಲ್ಲುತ್ತದೆ. ಅವರು ಒತ್ತುವ ಸ್ವಿಚ್ಚಿನಲ್ಲಿ ಆ ಜೀವದ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ.

ಹಾಗೆ ಸಾಕುವ ಹೆಬ್ಬಾವು ನಮ್ಮದಲ್ಲ. ಬನ್ನೇರುಘಟ್ಟದ ಕಾಡು, ಕನಕಪುರದ ಬಂಡೆಗಳ ನಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದನ್ನು ಸಾಕುವಂತಿಲ್ಲ. ಮನೆಗಳಿಗೆ ಬಂದಿರುವುದು ಬಾಲ್ ಪೈಥಾನ್, ಪಶ್ಚಿಮ ಮತ್ತು ಮಧ್ಯ ಆಫ್ರಿಕದ್ದು, ಹೆದರಿದರೆ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವ ಸಾಧು ಹಾವು. ಅದಕ್ಕೂ ಸರ್ಕಾರದ ನೋಂದಣಿ ಬೇಕು. ತನ್ನ ನಾಡಿನಲ್ಲಿ ಅದು ಹಗಲನ್ನು ಇಲಿಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಕಳೆಯುತ್ತದೆ. ಹುತ್ತವೆಂದರೆ ಹಾವಿನ ಮನೆ ಎಂದು ತಿಳಿದು ತನಿ ಎರೆಯುವ ನಮಗೆ ಈ ಸಂಗತಿ ಎಷ್ಟು ಹತ್ತಿರದ್ದು! ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಈ ಹಾವಿಗೊಂದು ಗುಡಿಯೇ ಇದೆ. ಅಲ್ಲಿಂದ ಹೊರಬಿದ್ದು ಯಾರದೋ ಮನೆ ಸೇರಿದ ಹಾವನ್ನು ಜನ ಕೊಲ್ಲದೆ ಗುಡಿಗೆ ಮರಳಿಸುತ್ತಾರೆ. ಸಮುದ್ರದಾಚೆಯ ಆ ಜನರ ಕೈಯೂ ನಮ್ಮ ಕೈಯೂ ಒಂದೇ ಜೀವದ ಮುಂದೆ ಮುಗಿದಿವೆ.

ಇನ್ನೂ ಒಂದು ಹತ್ತಿರವಿದೆ. ಘಾನಾ, ಟೋಗೊ, ಬೆನಿನ್ ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 5ರಿಂದ 12 ಡಿಗ್ರಿಯೊಳಗೆ. ಮರಳವಾಡಿ 12 ದಾಟಿ ಸ್ವಲ್ಪ ಮೇಲೆ. ನಮ್ಮಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನ ಅತಿ ಗಿಡ್ಡ ಹಗಲು 11 ಗಂಟೆಗಿಂತ ಇಳಿಯುವುದಿಲ್ಲ. ಲಂಡನ್ನಿನಲ್ಲಿ ಸಾಕುವವರು ಚಳಿಗಾಲದ 8 ಗಂಟೆಯ ಹಗಲಿಗೂ ಬೇಸಿಗೆಯ 16 ಗಂಟೆಯ ಹಗಲಿಗೂ ಟೈಮರ್ ಇಟ್ಟು ಸರಿದೂಗಿಸಬೇಕು. ಇಲ್ಲಿ ಕಿಟಕಿಯೇ ಸಾಕು. ಬಿಸಿಲು ನೇರವಾಗಿ ಗಾಜಿಗೆ ಬೀಳದಂತೆ ಪೆಟ್ಟಿಗೆಯನ್ನಿಟ್ಟರೆ, ಆ ಹಾವಿನ ಹಿರೀಕರು ಬಲ್ಲ ಹಗಲಿಗೆ ತೀರ ಹತ್ತಿರದ ಹಗಲು ತಾನಾಗಿ ಒಳಗೆ ಬರುತ್ತದೆ.

ತೊಡಕಿರುವುದು ಇರುಳಿನಲ್ಲಿ. ಈ ಹಾವಿಗೆ ಪೆಟ್ಟಿಗೆಯ ಒಂದು ತುದಿ 31–33 ಡಿಗ್ರಿ ಬೆಚ್ಚಗೆ, ಇನ್ನೊಂದು 26ರ ಆಸುಪಾಸು ಇರಬೇಕು. ರಾತ್ರಿ ಎರಡು ಮೂರು ಡಿಗ್ರಿ ಇಳಿದರೆ ಚಿಂತೆಯಿಲ್ಲ. ಡಿಸೆಂಬರಿನ ನಮ್ಮ ಚಳಿ ಅದಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಆಗ ಬೆಚ್ಚಗಿಡಲೆಂದು ಇಡೀ ರಾತ್ರಿ ಬಲ್ಬು ಉರಿಸುತ್ತಾರೆ. ಕೆಂಪು ಬಲ್ಬು ಹಾವಿಗೆ ಕಾಣುವುದಿಲ್ಲ ಎಂಬ ನಂಬಿಕೆ ಬೇರೆ. ಕಡಿಮೆ ಕಾಣಬಹುದು, ಕಾಣುವುದೇ ಇಲ್ಲ ಎನ್ನಲಾಗದು. ನಮಗೆ ಕಾಣದ ಅತಿನೇರಳೆಯನ್ನೂ ಹಿಡಿಯುವ ಕೋಶಗಳು ಆ ಕಣ್ಣಿನಲ್ಲಿವೆ. ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಸೆರಾಮಿಕ್ ಹೀಟರ್ ಇದೆ. ಥರ್ಮೋಸ್ಟಾಟ್ ಜೋಡಿಸಿ ಅದನ್ನು ಬಳಸುವುದೇ ಸರಿ. ರೆಪ್ಪೆಯಿಲ್ಲದ ಜೀವಕ್ಕೆ ಇಡೀ ರಾತ್ರಿ ಬೆಳಕು ಸುರಿಯುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ.

ಅದರಲ್ಲೂ ಕತ್ತಲಲ್ಲಿ ಹಾವಿಗೆ ತೆರೆಯುವ ಲೋಕ ನಮ್ಮ ಊಹೆಗೆ ನಿಲುಕದ್ದು. ಅದರ ತುಟಿಯಂಚಿನಲ್ಲಿ ಸಾಲಾಗಿ ಕುಳಿಗಳಿವೆ. ಇಲಿಯ ಮೈಕಾವು ದೂರದಿಂದಲೇ ಅವಕ್ಕೆ ತಟ್ಟುತ್ತದೆ. ಅಲ್ಲಿನ ನರಗಳಲ್ಲಿ ಈ ಕೆಲಸ ಮಾಡುವ ಪ್ರೋಟೀನನ್ನು 2010ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಗುರುತಿಸಿತು. ಸ್ಪರ್ಶ ಮತ್ತು ಶಾಖದ ಸಂವೇದನೆಯ ಸಂಶೋಧನೆಗೆ 2021ರ ನೊಬೆಲ್ ಹಂಚಿಕೊಂಡವರಲ್ಲಿ ಅವರೊಬ್ಬರು. ನಮ್ಮ ಮೈಯಲ್ಲೂ ಆ ಪ್ರೋಟೀನಿದೆ. ಸಾಸಿವೆ ಅರೆಯುವಾಗ ಮೂಗಿಗೇರುವ ಘಾಟನ್ನು ನಮಗೆ ತಿಳಿಸುವುದು ಅದೇ. ಅಡುಗೆಮನೆಯಲ್ಲಿ ನಮ್ಮ ಕಣ್ಣಲ್ಲಿ ನೀರು ತರಿಸುವ ಪ್ರೋಟೀನೇ ಆಫ್ರಿಕದ ಇರುಳಿನಲ್ಲಿ ಒಂದು ಹಾವಿಗೆ ದಾರಿ ತೋರುತ್ತದೆ ಎಂಬುದನ್ನು ಓದಿದಂದಿನಿಂದ ಈ ಬೆರಗು ನನ್ನನ್ನು ಬಿಟ್ಟಿಲ್ಲ.

ಕತ್ತಲನ್ನು ಅಳೆದು ಕೊಡುವ ವಿದ್ಯೆ ರೇಷ್ಮೆಯ ಈ ಸೀಮೆಗೆ ಗೊತ್ತಿಲ್ಲದ್ದಲ್ಲ. ಮರಿ ಹೊರಬರಲು ಎರಡು ದಿನವಿರುವಾಗ, ರೇಷ್ಮೆ ಮೊಟ್ಟೆ ನೀಲಿಗೆ ತಿರುಗುವ ಹೊತ್ತಿಗೆ, ಅದನ್ನು ಕಪ್ಪು ಕಾಗದದಲ್ಲೋ ಬಟ್ಟೆಯಲ್ಲೋ ಮುಚ್ಚಿಡುತ್ತಾರೆ. ಗೊತ್ತಾದ ದಿನ ಬೆಳಿಗ್ಗೆ ತೆರೆದು ಬೆಳಕು ತೋರಿಸಿದರೆ ಮುಂದೆ ಹೋಗಬೇಕಿದ್ದವೂ ಹಿಂದುಳಿಯಬೇಕಿದ್ದವೂ ಒಟ್ಟಿಗೆ ಒಡೆಯುತ್ತವೆ. ದ್ವಿತಳಿ ಹುಳುವಿನದು ಇನ್ನೂ ಸೋಜಿಗ. ತಾನು ಮೊಟ್ಟೆಯೊಳಗಿದ್ದಾಗ ಬಿದ್ದ ಬೆಳಕು ಮತ್ತು ಕಾವನ್ನು ಅನುಸರಿಸಿ, ಮುಂದೆ ಚಿಟ್ಟೆಯಾದಾಗ ಅದು ಇಡುವ ಮೊಟ್ಟೆಗಳು ಕೂಡಲೇ ಒಡೆಯಬೇಕೋ ತಿಂಗಳುಗಟ್ಟಲೆ ಮಲಗಿರಬೇಕೋ ಎಂಬುದು ತೀರ್ಮಾನವಾಗುತ್ತದೆ. ಇನ್ನೂ ಹುಟ್ಟದ ಹುಳುವೇ ಹಗಲಿರುಳಿನ ಲೆಕ್ಕ ಇಡುವಾಗ, ಬೆನ್ನುಮೂಳೆಯಿರುವ, ದಶಕಗಳ ಕಾಲ ಬದುಕಬಲ್ಲ ಹಾವಿಗೆ ಹಗಲಾದರೇನು ಇರುಳಾದರೇನು ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಹಗಲೇ ಇಲ್ಲದ ಕತ್ತಲೂ ಒಂದಿದೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಕಸ್ಟಮ್ಸ್‌ನವರಿಗೆ 10 ಹಳದಿ ಅನಕೊಂಡಗಳು ಸಿಕ್ಕವು. ಆ ಕತ್ತಲಿಗೆ ಮುಂಜಾವು ಇರಲಿಲ್ಲ, ಅದರೊಳಗಿದ್ದವಕ್ಕೆ ಹೊರಗೆ ಬರುವ ದಾರಿಯೂ ಇರಲಿಲ್ಲ. ಹುತ್ತದ ಕತ್ತಲಿಗೆ ಬಾಯಿ ಇರುತ್ತದೆ. ಹೊತ್ತು ಮುಳುಗಿದಾಗ ಹಾವು ತಾನಾಗಿ ಹೊರಗೆ ಬರುತ್ತದೆ, ಬೇಡವೆನಿಸಿದರೆ ಒಳಗೇ ಉಳಿಯುತ್ತದೆ. ಆದ್ದರಿಂದ ಸಾಕಿದವರು ದೀಪದ ಗಂಟೆ ಎಣಿಸಿದರಷ್ಟೇ ಸಾಲದು. ಪೆಟ್ಟಿಗೆಯೊಳಗೆ ಎರಡು ಗೂಡು ಇಡಲಿ, ಬೆಚ್ಚಗಿನ ತುದಿಯಲ್ಲೊಂದು, ತಂಪಿನ ತುದಿಯಲ್ಲೊಂದು. ಯಾವ ಕತ್ತಲಲ್ಲಿ ಮಲಗಬೇಕೆಂದು ಹಾವೇ ಆರಿಸಿಕೊಳ್ಳುತ್ತದೆ.