ಉಪಕಾರವೂ ಉಪಕರಣವೂ

ಕಣ್ಣಿಲ್ಲದವನಿಗೆ ಬಂದ ಪತ್ರವನ್ನು ಇನ್ನೊಬ್ಬನು ಓದಿ ಹೇಳುವುದು ದೊಡ್ಡ ಉಪಕಾರವೆಂದು ಲೋಕವು ಎಣಿಸುವುದು. ಅದು ಉಪಕಾರವೇ ಸರಿ. ಆದರೆ ಕೇಳುವವನ ಪಕ್ಷದಿಂದ ಅದನ್ನು ನೋಡಿದವರು ವಿರಳ. ಪತ್ರದಲ್ಲಿರುವುದು ಸಾಲದ ಸುದ್ದಿಯಾಗಿರಬಹುದು, ರೋಗದ ಸುದ್ದಿಯಾಗಿರಬಹುದು, ಮಗಳು ತಂದೆಯೊಬ್ಬನಿಗೆ ಮಾತ್ರ ತಿಳಿಸಬಯಸಿದ ದುಃಖವಾಗಿರಬಹುದು. ಅದು ತಂದೆಯ ಕಿವಿಗೆ ಬೀಳುವ ಮೊದಲೇ ಮೂರನೆಯವರ ಕಣ್ಣಿಗೆ ಬಿದ್ದಿರುವುದು. ಓದಿದವನು ಎಷ್ಟೇ ಸಜ್ಜನನಾಗಿರಲಿ, ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಈ ಸ್ಥಿತಿಗೆ ಕನ್ನಡದಲ್ಲಿ ಚಿಕ್ಕದೊಂದು ಮಾತುಂಟು: ಹಂಗು.

ಅಂಧತ್ವವೇ ಬೇರೆ, ಹಂಗೇ ಬೇರೆ. ಮೊದಲನೆಯದು ಹುಟ್ಟಿನಿಂದಲೋ ರೋಗದಿಂದಲೋ ಅಪಘಾತದಿಂದಲೋ ಬರುವುದು. ಎರಡನೆಯದು ಬಹುಮಟ್ಟಿಗೆ ಮನುಷ್ಯರು ನಿರ್ಮಿಸಿದ ವಸ್ತುಗಳಿಂದ ಬರುವುದು. ಇಂದು ಮನೆಮನೆಯಲ್ಲಿರುವ ಮೊಬೈಲು ಫೋನಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಮೊದಲಿನ ಫೋನುಗಳಿಗೆ ಗುಂಡಿಗಳಿದ್ದುವು. ನಡುವಣ ಐದರ ಗುಂಡಿಯ ಮೇಲೆ ಉಬ್ಬಿದ ಚುಕ್ಕೆಯೊಂದಿರುತ್ತಿತ್ತು. ಬೆರಳು ಆ ಚುಕ್ಕೆಯನ್ನು ಕಂಡುಕೊಂಡರೆ ಉಳಿದ ಅಂಕೆಗಳೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಸಿಕ್ಕುತ್ತಿದ್ದುವು. ಪರದೆಯ ಮೇಲಣ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶವೂ ಕೆಲವು ಫೋನುಗಳಿಗೆ ದೊರೆಯುತ್ತಿತ್ತು. ಅದನ್ನು ಬೇರೆಯಾಗಿ ಹಣ ತೆತ್ತು ಕೊಳ್ಳಬೇಕಾಗಿತ್ತು. ೨೦೦೭ರಲ್ಲಿ ಐಫೋನು ಬಂದಿತು. ಅದರ ಮುಖವು ಬಹುಮಟ್ಟಿಗೆ ನುಣುಪಾದ ಗಾಜು. ಅಂಕೆಗಳನ್ನು ಹುಡುಕುವ ಬೆರಳಿಗೆ ಹಿಡಿಯಲು ಗುರುತಿಲ್ಲ. ಹಿಂದಿನ ವರ್ಷ ತಾನೇ ಕರೆಮಾಡಬಲ್ಲವನಾಗಿದ್ದ ಅಂಧನು ಈ ಹೊಸ ಫೋನನ್ನು ಕೈಗೆ ತೆಗೆದುಕೊಂಡಾಗ ಅಸಹಾಯಕನಾದನು. ಅವನ ಕಣ್ಣು ಮೊದಲಿನಂತೆಯೇ ಇದ್ದಿತು, ಬದಲಾದದ್ದು ವಸ್ತು. ಹಾಗಾದರೆ ಅವನ ಅಸಹಾಯಕತೆಗೆ ಕಾರಣ ಯಾವುದೆಂದು ಬೇರೆ ಹೇಳಬೇಕೆ?

ಎರಡು ವರ್ಷಗಳ ತರುವಾಯ, ೨೦೦೯ರಲ್ಲಿ, ಅದೇ ಗಾಜು ಮಾತನಾಡತೊಡಗಿತು. ಐಫೋನಿನಲ್ಲಿ ‘ವಾಯ್ಸ್‌ಓವರ್’ ಎಂಬ ಸೌಕರ್ಯವು ಬೇರೆ ಬೆಲೆಯಿಲ್ಲದೆ ಸೇರಿತು. ಆಂಡ್ರಾಯ್ಡ್ ಫೋನುಗಳಿಗೆ ‘ಟಾಕ್‌ಬ್ಯಾಕ್’ ಬಂದುದೂ ಅದೇ ವರ್ಷ. ಗೂಗಲ್ ಸಂಸ್ಥೆಯಲ್ಲಿ ಇಂಥ ಕೆಲಸಕ್ಕೆ ಶ್ರಮಿಸಿದವರಲ್ಲಿ ಭಾರತದಲ್ಲಿ ಹುಟ್ಟಿ ಬೆಳೆದ ವಿಜ್ಞಾನಿ ಟಿ. ವಿ. ರಾಮನ್ ಒಬ್ಬರು, ಅವರು ಸ್ವತಃ ಅಂಧರು. ಈ ಸೌಕರ್ಯದ ಕ್ರಮವು ಸರಳವಾದುದು. ಬೆರಳು ಸೋಕಿದ ಸ್ಥಳದಲ್ಲಿ ಏನಿದೆಯೆಂಬುದನ್ನು ಫೋನು ಹೇಳುವುದು. ಎರಡು ಸಲ ತಟ್ಟಿದರೆ ಆ ಕಾರ್ಯವು ನಡೆಯುವುದು. ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಧ್ವನಿಯನ್ನು ಕಿವಿಗೆ ಮಾತ್ರ ಕೇಳುವಂತೆ ಮಾಡಿಕೊಂಡರೆ, ಪಕ್ಕದಲ್ಲಿ ಕುಳಿತವನಿಗೆ ಏನೂ ತಿಳಿಯದು. ಕನ್ನಡ ಬರಹವನ್ನು ಕನ್ನಡದಲ್ಲಿಯೇ ಓದುವ ಧ್ವನಿಗಳೂ ಈಗ ಉಂಟು. ಭಾರತೀಯ ರಿಸರ್ವ್ ಬ್ಯಾಂಕು ೨೦೨೦ರಲ್ಲಿ ಹೊರತಂದ ‘ಮಣಿ’ ಎಂಬ ಆ್ಯಪು ಕೈಯಲ್ಲಿರುವ ನೋಟು ಎಷ್ಟರದೆಂದು ಹೇಳುವುದು. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ನಂಬುವುದೊಂದೇ ಗತಿಯಾಗಿದ್ದವನಿಗೆ ಇದು ಅಲ್ಪವಾದ ಲಾಭವಲ್ಲ.

ಇಂಥ ಪಾಠವನ್ನು ಲೋಕವು ಕಲಿತದ್ದು ಇದೇ ಮೊದಲಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ಯಾರಿಸಿನ ಅಂಧರ ಶಾಲೆಯವರು ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಅಚ್ಚುಮಾಡುತ್ತಿದ್ದರು. ಉದ್ದೇಶವು ಒಳ್ಳೆಯದೇ, ಆದರೆ ಆ ಅಕ್ಷರಗಳು ಹುಟ್ಟಿದ್ದು ಕಣ್ಣಿಗಾಗಿ. ಆ ಶಾಲೆಯ ವಿದ್ಯಾರ್ಥಿಯಾಗಿದ್ದ ಲೂಯಿ ಬ್ರೈಲ್ ಬೆರಳಿಗೆ ಒಪ್ಪುವ ಆರು ಚುಕ್ಕೆಗಳ ಲಿಪಿಯನ್ನು ೧೮೨೯ರಲ್ಲಿ ಪ್ರಕಟಪಡಿಸಿದನು. ಬೆರಳಿನ ದಾರಿಯನ್ನು ಬೆರಳಿನಿಂದಲೇ ಅರಿತವನ ಕೆಲಸವದು. ಕೊಡುವವನ ಕರುಣೆಗಿಂತ ಬಳಸುವವನ ಅನುಭವವೇ ಇಲ್ಲಿ ಪ್ರಮಾಣವೆಂಬುದು ಇದರಿಂದ ಸ್ಪಷ್ಟವಾಗುವುದು.

ಆದರೂ ಕೆಲಸವು ಮುಗಿದಿಲ್ಲ. ಫೋನು ಮಾತನಾಡಬಲ್ಲುದಾದರೂ ಅದರೊಳಗಣ ಆ್ಯಪುಗಳನ್ನು ರಚಿಸುವವರು ಪ್ರತಿಯೊಂದು ಚಿತ್ರಕ್ಕೂ ಗುಂಡಿಗೂ ಹೆಸರನ್ನು ಬರೆದಿಡಬೇಕು. ಬರೆಯದಿದ್ದರೆ ಅದು “ಬಟನ್, ಬಟನ್” ಎಂದಷ್ಟೇ ನುಡಿಯುವುದು. ಹಣ ಕಳುಹಿಸುವ ಗುಂಡಿ ಯಾವುದು, ಅಳಿಸುವ ಗುಂಡಿ ಯಾವುದು ಎಂಬುದು ತಿಳಿಯದು. ಎರಡು ಪದ ಬರೆಯದವನ ಅಲಕ್ಷ್ಯಕ್ಕಾಗಿ ಇನ್ನೊಬ್ಬನು ತನ್ನ ಬ್ಯಾಂಕಿನ ರಹಸ್ಯಸಂಖ್ಯೆಯನ್ನು ನೆರೆಯವನ ಕೈಗೆ ಒಪ್ಪಿಸಬೇಕಾಗುವುದು. ಗುರುತು ಸ್ಥಾಪಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮವೂ ಬಂದಿತು. ೨೦೨೫ರ ಏಪ್ರಿಲ್ ೩೦ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಇಂಥ ತೊಡಕುಗಳನ್ನು ವಿಚಾರಿಸಿ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ ೨೧ನೆಯ ವಿಧಿಯಲ್ಲಿರುವ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಅಂಧರು ಕೆಲವರು, ಕಣ್ಣುಳ್ಳವರು ಬಹುಮಂದಿ, ಕೆಲವರಿಗಾಗಿ ಎಲ್ಲರ ವಸ್ತುವಿನ ಬೆಲೆಯನ್ನು ಏಕೆ ಹೆಚ್ಚಿಸಬೇಕು? ಮನೆ ಕಟ್ಟುವಾಗಲೇ ಬಾಗಿಲಿಟ್ಟರೆ ವೆಚ್ಚ ಸ್ವಲ್ಪ. ಕಟ್ಟಿದ ಮೇಲೆ ಗೋಡೆ ಒಡೆದರೆ ಬಹಳ. ಮುಪ್ಪಿನಿಂದ ದೃಷ್ಟಿ ಮಂದವಾದವರಿಗೂ ಓದು ಬಾರದವರಿಗೂ ಓದಿ ಹೇಳುವ ಫೋನು ಉಪಯುಕ್ತವೆಂದೂ ಸಮಾಧಾನ ಹೇಳಬಹುದು. ಇದು ನಿಜ. ಆದರೆ ನ್ಯಾಯವು ಈ ಲಾಭದ ಮೇಲೆ ನಿಂತಿಲ್ಲ. ಅಂಚೆಯೂ ಬ್ಯಾಂಕೂ ಸರಕಾರದ ಕಚೇರಿಯೂ ಒಂದು ಉಪಕರಣದೊಳಗೆ ಹೊಕ್ಕಮೇಲೆ ಅದು ಊರಿನ ರಸ್ತೆಯಾಯಿತು. ರಸ್ತೆಯಲ್ಲಿ ನಡೆಯುವವನ ಹಕ್ಕನ್ನು ತಲೆಯೆಣಿಸಿ ನಿರ್ಣಯಿಸುವ ವಾಡಿಕೆಯಿಲ್ಲ.

ಇನ್ನೊಂದು ಆಕ್ಷೇಪವು ಹೆಚ್ಚು ಮೃದುವಾದುದು, ಆದುದರಿಂದಲೇ ಹೆಚ್ಚು ವಿಚಾರಾರ್ಹವಾದುದು. ಯಂತ್ರವೇ ಎಲ್ಲವನ್ನೂ ಓದಿ ಹೇಳಿದರೆ ಮನೆಯವರ ಅಕ್ಕರೆಗೆ ಅವಕಾಶವೆಲ್ಲಿ? ಮನುಷ್ಯನಿಗೆ ಮನುಷ್ಯನು ಬೇಡವಾಗುವುದಿಲ್ಲವೆ? ಪರಸ್ಪರ ಆಶ್ರಯವಿಲ್ಲದೆ ಬದುಕುವವರು ಯಾರೂ ಇಲ್ಲವೆಂಬುದು ನಿಜ. ಕಣ್ಣುಳ್ಳವನೂ ರೈತನನ್ನೂ ನೇಕಾರನನ್ನೂ ಆಶ್ರಯಿಸಿಯೇ ಬಾಳುವನು. ಆದರೆ ಯಾರನ್ನು, ಯಾವಾಗ, ಎಷ್ಟರಮಟ್ಟಿಗೆ ಆಶ್ರಯಿಸಬೇಕೆಂಬುದನ್ನು ಅವನು ಆರಿಸಿಕೊಳ್ಳಬಲ್ಲನು. ಆ ಆಯ್ಕೆಯಿದ್ದಲ್ಲಿ ಅದು ಸ್ನೇಹ, ಇಲ್ಲದಲ್ಲಿ ಹಂಗು. ಬ್ಯಾಂಕಿನ ಕಾಗದ ಓದಲೇಬೇಕಾಗಿ ಬಂದು ತಂದೆಯ ಬಳಿ ಕುಳಿತುಕೊಳ್ಳುವ ಮಗನಿಗಿಂತ, ಯಾವ ಕೆಲಸವೂ ಇಲ್ಲದೆ ಬಂದು ಕುಳಿತುಕೊಳ್ಳುವ ಮಗನಲ್ಲಿ ಅಕ್ಕರೆ ಕಡಮೆಯೆಂದು ಯಾರು ಹೇಳುವರು?

ಆದಕಾರಣ ಬಾಗಿಲಿಲ್ಲದ ಮನೆಯನ್ನು ಕಟ್ಟಿ, ಆಮೇಲೆ ಕಿಟಕಿಯಿಂದ ಅನ್ನ ನೀಡುವುದನ್ನು ದಾನವೆಂದು ಕರೆಯಲಾಗದು. ಉಪಕರಣವನ್ನು ನಿರ್ಮಿಸುವವನು ಅದರೊಡನೆ ಹಂಗನ್ನೂ ನಿರ್ಮಿಸದಿರುವುದು ಅವನು ತೀರಿಸಬೇಕಾದ ಋಣ. ಅದು ತೀರಿದ ದಿನ ಮಗಳ ಪತ್ರವನ್ನು ತಂದೆಯೇ ಮೊದಲು ಕೇಳುವನು. ಅದನ್ನು ಇನ್ನೊಬ್ಬರಿಗೆ ಹೇಳುವುದೂ ಬಿಡುವುದೂ ಅವನ ಇಷ್ಟ.