ಅನ್ನಪ್ರಾಶನ – ಪ್ರಾರ್ಥನೆಯೂ ಪಾಲನೆಯೂ



ಸಕಲ ಪ್ರಾಣಿಗಳ ದೇಹದಲ್ಲಿ ವೈಶ್ವಾನರರೂಪದಿಂದ ನೆಲೆಸಿ, ಪ್ರಾಣಾಪಾನಗಳೊಡಗೂಡಿ ನಾಲ್ಕು ಬಗೆಯ ಅನ್ನವನ್ನು ಪಚನ ಮಾಡುವವನು ತಾನೇ ಎಂದು ಶ್ರೀಕೃಷ್ಣ ಪರಮಾತ್ಮನು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಡಿಸಿದ್ದಾನೆ. ಆದಕಾರಣ ಭೋಜನವು ಅಂತರ್ಯಾಮಿಗೆ ಸಲ್ಲುವ ಆಹುತಿಯೆಂದೇ ನಮ್ಮ ಹಿರಿಯರು ಭಾವಿಸಿಕೊಂಡು ಬಂದಿದ್ದಾರೆ. ತಾಯಿಯ ಹಾಲಿನಿಂದ ಬೆಳೆದ ಶಿಶುವು ಮೊದಲ ತುತ್ತು ಅನ್ನವನ್ನು ಸ್ವೀಕರಿಸುವ ದಿನವು ಆ ಪುಟ್ಟ ದೇಹದಲ್ಲಿ ಮೊದಲನೆಯ ಅನ್ನಾಹುತಿ ಬೀಳುವ ದಿನ. ಅದಕ್ಕಾಗಿಯೇ ಷೋಡಶ ಸಂಸ್ಕಾರಗಳಲ್ಲಿ ಅನ್ನಪ್ರಾಶನಕ್ಕೆ ಸ್ಥಾನ ದೊರೆತಿದೆ.

ಈ ಸಂಸ್ಕಾರದಲ್ಲಿ ಆಶ್ವಲಾಯನ ಗೃಹ್ಯಸೂತ್ರವು ವಿಧಿಸುವ ಮಂತ್ರವು ಅನ್ನದ ಒಡೆಯನನ್ನು ಬೇಡುವುದು ಎಂತಹ ಅನ್ನವನ್ನು? ರೋಗವನ್ನು ತಾರದ ಅನ್ನವನ್ನು, ಬಲವನ್ನು ಕೊಡುವ ಅನ್ನವನ್ನು. ಪುರೋಹಿತರು ಮಂತ್ರವನ್ನು ಹೇಳುತ್ತಾರೆ. ತಂದೆತಾಯಿಗಳು ಕೈ ಮುಗಿಯುತ್ತಾರೆ. ಅಂದು ಬೇಡಿದ್ದನ್ನು ಮರುದಿನದಿಂದ ನಮ್ಮ ಅಡಿಗೆಯ ಮನೆಯು ನಡೆಸಿಕೊಡುತ್ತಿದೆಯೇ ಎಂಬುದೇ ಇಂದು ನಾವು ವಿಚಾರ ಮಾಡಬೇಕಾದ ವಿಷಯ.

ಮೊದಲು ಕಾಲದ ಮಾತು. ಸೂತ್ರಕಾರರು ಆರನೆಯ ಮಾಸವನ್ನು ಹೇಳಿದರು. ಜ್ಯೋತಿಷಿಗಳು ಗಂಡುಮಗುವಿಗೆ ಸಮಮಾಸಗಳನ್ನೂ ಹೆಣ್ಣುಮಗುವಿಗೆ ವಿಷಮಮಾಸಗಳನ್ನೂ ಹೇಳುವುದು ರೂಢಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ಅನಂತರ ಹಾಲಿನ ಜೊತೆಗೆ ಅನ್ನವೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2001ರಿಂದ ಸಾರುತ್ತಿದೆ. ಇವೆರಡರಲ್ಲಿ ವಿರೋಧವಿಲ್ಲ. ಗಂಡುಮಗುವಿಗೆ ಆರನೆಯ ಮಾಸದ ಕೊನೆಯಲ್ಲಿ, ಹೆಣ್ಣುಮಗುವಿಗೆ ಏಳನೆಯ ಮಾಸದ ಆರಂಭದಲ್ಲಿ ಮುಹೂರ್ತವನ್ನು ನೋಡಿಸಿದರೆ ಶಾಸ್ತ್ರವೂ ನಡೆಯಿತು, ದೇಹಧರ್ಮವೂ ನಡೆಯಿತು. ಮುಹೂರ್ತವು ಕೆಲವು ದಿನ ಮುಂಚೆ ಬಂದರೆ ಅಂದು ತುಟಿಗೆ ಸೋಕಿಸಿ, ಆರು ತಿಂಗಳು ತುಂಬಿದ ಮೇಲೆ ಉಣಿಸಲು ತೊಡಗಬಹುದು.

ಆದರೆ ಈಗ ನಡೆಯುತ್ತಿರುವುದೇನು? ಪೌರೋಹಿತ್ಯದ ಮನೆಯಲ್ಲಿ ಬೆಳೆದ ನಾವು ಇದನ್ನು ಹತ್ತಿರದಿಂದ ಕಂಡಿದ್ದೇವೆ. ಸೋದರಮಾವನಿಗೆ ರಜೆ ಸಿಕ್ಕಬೇಕು, ಛತ್ರ ದೊರೆಯಬೇಕು, ಕ್ಷೇತ್ರಕ್ಕೆ ಹೋಗಿಯೇ ಮಾಡಬೇಕು ಎಂದು ಎಂಟನೆಯ ತಿಂಗಳಾಯಿತು, ಹತ್ತನೆಯ ತಿಂಗಳಾಯಿತು. ಸಂಸ್ಕಾರವಾಗದೆ ಅನ್ನ ಕೊಡಬಾರದೆಂದು ಶಿಶುವನ್ನು ಹಾಲಿನಲ್ಲಿಯೇ ನಿಲ್ಲಿಸಿದ್ದಾಯಿತು. ಹುಟ್ಟುವಾಗ ತಾಯಿಯಿಂದ ಪಡೆದು ಬಂದ ಕಬ್ಬಿಣಾಂಶದ ಸಂಗ್ರಹವು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಹಾಲೊಂದರಿಂದ ಅದು ತುಂಬದು. ಮಗುವು ಬಿಳಿಚಿಕೊಳ್ಳುವುದು, ತೂಕ ಏರದಿರುವುದು ಇಂತಹ ಕಾಲದಲ್ಲಿಯೇ. ಛತ್ರವಾಗಲಿ ನೂರು ಎಲೆಯ ಊಟವಾಗಲಿ ಈ ಸಂಸ್ಕಾರದ ಅಂಗವಲ್ಲ. ಮನೆಯ ದೇವರ ಮುಂದೆ ಸಂಕಲ್ಪ, ಪೂಜೆ, ನೈವೇದ್ಯ, ಮಂತ್ರಪೂರ್ವಕವಾದ ಒಂದು ತುತ್ತು – ಇಷ್ಟನ್ನು ಸಕಾಲದಲ್ಲಿ ಮಾಡಿರಿ. ಉಡುಪಿಗೆ ಕರೆದೊಯ್ದು ಕೃಷ್ಣನ ದರ್ಶನ ಮಾಡಿಸಲು ಯಾವ ದಿನವಾದರೂ ಒಳ್ಳೆಯ ದಿನವೇ.

ಇನ್ನು ರೋಗವನ್ನು ತಾರದ ಅನ್ನದ ಮಾತು. ಶ್ರೀನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಬರುವ ಪ್ರಸಂಗವನ್ನು ನೀವೆಲ್ಲ ಕೇಳಿದ್ದೀರಿ. ಪಾಜಕದ ಮನೆಯಲ್ಲಿ ತಾಯಿ ಇಲ್ಲದ ಹೊತ್ತು ಶಿಶು ವಾಸುದೇವನು ಅಳಲು, ಸಂತೈಸಲಾರದೆ ಅಕ್ಕನು ಬೇಯಿಸಿದ ಹುರುಳಿಯನ್ನು ತಿನ್ನಿಸಿದಳು. ಮಗುವು ಅದನ್ನು ಅರಗಿಸಿಕೊಂಡಿತು. ಮರಳಿ ಬಂದ ತಾಯಿ ವಿಷಯ ತಿಳಿದು ಬೆದರಿದಳು. ಆ ಶಿಶುವು ಸಾಕ್ಷಾತ್ ವಾಯುದೇವರ ಅವತಾರ. ಆತನ ಮಹಿಮೆ ಆತನಿಗೇ ಸಲ್ಲತಕ್ಕದ್ದು. ನಮ್ಮ ಮಕ್ಕಳ ವಿಷಯದಲ್ಲಿ ನಾವು ಅನುಸರಿಸತಕ್ಕದ್ದು ಆ ತಾಯಿಯ ಎಚ್ಚರವನ್ನು.

ಈ ಎಚ್ಚರವು ಜೇನುತುಪ್ಪದ ವಿಷಯದಲ್ಲಿ ವಿಶೇಷವಾಗಿ ಬೇಕು. ಸೂತ್ರದಲ್ಲಿ ಮೊಸರು, ತುಪ್ಪಗಳೊಡನೆ ಜೇನನ್ನೂ ಹೇಳಿದೆ. ಆದರೆ ಜೇನಿನಲ್ಲಿ ಕೆಲವೊಮ್ಮೆ ಅಡಗಿರುವ ಒಂದು ಬಗೆಯ ರೋಗಾಣುಬೀಜವು ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಮೊಳೆತು, ನರಗಳನ್ನು ಸೋಲಿಸುವ ವಿಷವನ್ನುಂಟುಮಾಡಬಲ್ಲುದೆಂದು 1976ರಿಂದೀಚೆಗೆ ವೈದ್ಯರಿಗೆ ತಿಳಿದುಬಂದಿದೆ. ಮನೆಯಲ್ಲಿ ಕಾಯಿಸಿದರೂ ಆ ಬೀಜವು ಸಾಯದು. ಆದಕಾರಣ ಜೇನನ್ನು ದೇವರಿಗೆ ನಿವೇದಿಸಿ, ಮಗುವಿನ ಬಾಯಿಗೆ ತುಪ್ಪ ಬೆರೆಸಿದ ಮೆತ್ತನೆಯ ಅನ್ನವನ್ನಷ್ಟೇ ಇಡುವುದು ಲೇಸು. ರೋಗರಹಿತವಾದ ಅನ್ನವನ್ನು ಬೇಡುವ ಮಂತ್ರದ ಅಭಿಪ್ರಾಯಕ್ಕೆ ಇದರಿಂದ ಚ್ಯುತಿಯಿಲ್ಲವೆಂದು ನಮ್ಮ ನಂಬಿಕೆ.

ಬಲವನ್ನು ಕೊಡುವ ಅನ್ನವೆಂದರೆ ತಿಳಿಗಂಜಿಯಲ್ಲ. ಗಂಜಿಯ ತಿಳಿಯಿಂದ ಪುಟ್ಟ ಹೊಟ್ಟೆಯು ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಚಮಚದಲ್ಲಿ ಎತ್ತಿದರೆ ಜಾರಿ ಹೋಗದಷ್ಟು ಗಟ್ಟಿಯಾಗಿರಬೇಕು. ಧನುರ್ಮಾಸದಲ್ಲಿ ದೇವರಿಗೆ ಅರ್ಪಿಸುವ ಹುಗ್ಗಿಯನ್ನೇ ನೋಡಿರಿ: ಅಕ್ಕಿ, ಹೆಸರುಬೇಳೆ, ತುಪ್ಪ. ಮೆಣಸು, ಉಪ್ಪುಗಳನ್ನು ಬಿಟ್ಟು ಚೆನ್ನಾಗಿ ಬೇಯಿಸಿ ಮಸೆದರೆ ಶಿಶುವಿಗೆ ಅದಕ್ಕಿಂತ ಉತ್ತಮವಾದ ಆಹಾರವಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿಯೂ ಹಾಗೆಯೇ. ಮೊಳಕೆಯ ಗುಣದಿಂದ ಅದು ಹೆಚ್ಚು ನೀರು ಬೇಡದೆ ಮೆತ್ತಗಾಗುತ್ತದೆ. ಮೊದಲು ದಿನಕ್ಕೆ ಎರಡು ಮೂರು ಹೊತ್ತು, ಹೊತ್ತಿಗೆ ಎರಡು ಮೂರು ಚಮಚ ಸಾಕು; ದಿನಗಳೆದಂತೆ ಹೆಚ್ಚಿಸಿ, ಬೇಯಿಸಿದ ಸೊಪ್ಪು ತರಕಾರಿ, ಮಸೆದ ಬಾಳೆಹಣ್ಣು, ಮೊಸರುಗಳನ್ನು ಒಂದೊಂದಾಗಿ ಸೇರಿಸಬೇಕು. ಎದೆಹಾಲು ಎರಡು ವರ್ಷದವರೆಗೂ ನಡೆಯಲಿ. ಉಪ್ಪು, ಸಕ್ಕರೆಗಳು ವರ್ಷ ತುಂಬುವವರೆಗೆ ಬೇಡ. ವೈದ್ಯರು ಕಬ್ಬಿಣಾಂಶದ ಹನಿಗಳನ್ನು ಹೇಳಿದರೆ ತಪ್ಪಿಸಬೇಡಿರಿ.

ಕೊನೆಯದಾಗಿ ವ್ರತದ ಪ್ರಶ್ನೆ. ನಮ್ಮ ಮನೆಗಳಲ್ಲಿ ಇದೇ ದೊಡ್ಡದು. ಏಕಾದಶಿಯಂದು ಒಲೆ ಹೊತ್ತಿಸದ ಮನೆಗಳುಂಟು. ಚಾತುರ್ಮಾಸ್ಯದಲ್ಲಿ ಶಾಕವ್ರತದ ತಿಂಗಳು ತರಕಾರಿಯಿಲ್ಲ, ದ್ವಿದಳವ್ರತದ ತಿಂಗಳು ಬೇಳೆಯಿಲ್ಲ. ಹಾಗೆಂದು ಏಳು ತಿಂಗಳ ಕೂಸಿಗೂ ಬೇಳೆ ಬೇಡವೇ? ಉಪನಯನಕ್ಕೆ ಮುಂಚೆ ಬಾಲಕನಿಗೆ ಆಹಾರದ ಕಟ್ಟುಪಾಡಿಲ್ಲವೆಂದು ಗೌತಮ ಧರ್ಮಸೂತ್ರವು ಸ್ಪಷ್ಟವಾಗಿ ಹೇಳಿದೆ. ಏಕಾದಶಿಯ ಉಪವಾಸವಾದರೂ ಎಂಟು ವರ್ಷ ದಾಟಿದವರಿಗೇ ವಿಹಿತ. ಮಗುವಿನ ಅಡಿಗೆಗೆ ಬೇರೆ ಪಾತ್ರೆ, ಬೇರೆ ಒಲೆ ಇರಲಿ. ಹಿರಿಯರ ವ್ರತವೂ ಮಡಿಯೂ ಕೆಡುವುದಿಲ್ಲ. ನೈವೇದ್ಯವಾಗುವ ಮಧ್ಯಾಹ್ನದವರೆಗೆ ಕೂಸು ಕಾಯಬೇಕಾಗಿಯೂ ಇಲ್ಲ. ತಾಯಿಯು ಮನಸ್ಸಿನಲ್ಲಿಯೇ ಕೃಷ್ಣನನ್ನು ನೆನೆದು ತುತ್ತನ್ನು ಇಟ್ಟರೆ ಸಾಕು. ಗೋಕುಲದಲ್ಲಿ ಬೆಣ್ಣೆಗಾಗಿ ಕಾಯದಿದ್ದ ಆ ಸ್ವಾಮಿಯು ಶಿಶುವಿನ ಹಸಿವನ್ನು ಬಲ್ಲನು.

ಮನೆಯ ಅತ್ತೆಯಂದಿರೂ ಹಿರಿಯರೂ ಈ ಮಾತನ್ನು ಮನಸ್ಸಿಗೆ ತಂದುಕೊಂಡು, ಎಳೆಯ ತಾಯಂದಿರಿಗೆ ಅಭಯವನ್ನೀಯಬೇಕು. ವ್ರತದ ದಿನ ಕೂಸಿಗೆ ಬೇಳೆ ಬೇಯಿಸಿದ ಸೊಸೆಯು ಹೆದರಿ ಮರೆಯಲ್ಲಿ ಉಣಿಸುವಂತಾಗಬಾರದು. ಹಿರಿಯರು ವ್ರತದಿಂದ ಯಾವ ಹರಿಯನ್ನು ಆರಾಧಿಸುತ್ತಾರೆಯೋ, ಆಕೆಯು ಆ ತುತ್ತಿನಿಂದ ಆರಾಧಿಸುವುದು ಆತನನ್ನೇ. ನಮ್ಮ ಮನೆಗಳ ಶಿಶುಗಳು ರೋಗರಹಿತರಾಗಿ, ಬಲಿಷ್ಠರಾಗಿ ಬೆಳೆದು, ಹರಿವಾಯುಗಳ ಸೇವೆಗೆ ಒದಗಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.