ಎಡೆಯಲ್ಲಿ ಯಾವ ಬೆಳೆಗೆ ಜಾಗ?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡ ಮನೆಗಳಲ್ಲಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಬೇಕೇ ಬೇಕು. ಹುರಿದ ಶೇಂಗಾ, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಎಣ್ಣೆ ಬಿಡುವ ತನಕ ಕುಟ್ಟುತ್ತಾರೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಪೆರುವಿನ ಅಡುಗೆ ಇಂದಿಗೂ ನಿಂತಿರುವುದು ಇವುಗಳ ಮೇಲೆ, ಆಲೂಗಡ್ಡೆಯ ಮೇಲೆ.

ಶ್ರಾದ್ಧದ ದಿನ ಮಾತ್ರ ಅನೇಕ ವೈದಿಕ ಮನೆಗಳಲ್ಲಿ ಖಾರಕ್ಕೆ ಕಾಳುಮೆಣಸೇ ಗತಿ. ಹೊರಗಿನಿಂದ ಬಂದವೆಂದು ಆಲೂಗಡ್ಡೆ, ಟೊಮೆಟೊ ಒಲೆಯ ಹತ್ತಿರ ಸುಳಿಯುವುದಿಲ್ಲ. ಅದೇ ಆಲೂಗಡ್ಡೆ, ಶೇಂಗಾ ಎಷ್ಟೋ ಕಡೆ ಏಕಾದಶಿಯ ಫಲಾಹಾರ! ಹಾಗಾದರೆ ಮಡಿ ಇರುವುದು ಬೆಳೆಯ ಹುಟ್ಟಿನಲ್ಲೋ, ಅರ್ಪಿಸುವ ಮನಸ್ಸಿನಲ್ಲೋ?

ಈ ಪ್ರಶ್ನೆಗೆ ಉತ್ತರವೆಂಬಂತೆ ಪೆರುವಿನ ಕುಸ್ಕೊ ನಗರದ ಕೆಥೆಡ್ರಲ್‌ನಲ್ಲಿ ಮಾರ್ಕೋಸ್ ಸಪಾಟಾ 1753ರಲ್ಲಿ ಬರೆದ ಚಿತ್ರವೊಂದಿದೆ. ಯೇಸುವಿನ ಕೊನೆಯ ಭೋಜನದ ಮೇಜಿನ ನಡುವೆ ಗಿನಿ ಇಲಿಯ ಮಾಂಸ! ಅದು ಆಂಡಿಸ್ ಜನರ ಹಬ್ಬದೂಟ. ಹೊರಗಿನಿಂದ ಬಂದ ದೇವರ ಮುಂದೆ ಆ ಜನ ತಮ್ಮ ನೆಲದ ಊಟವನ್ನೇ ಇಟ್ಟರು.

ಪಿತೃಗಳಿಗೆ ಅವರು ಉಂಡು ಬೆಳೆದ ಅಡುಗೆಯನ್ನೇ ಬಡಿಸುವುದು ನೆನಪಿಗೆ ಸಲ್ಲಿಸುವ ಗೌರವ, ಅದು ಉಳಿಯಲಿ. ಆದರೆ ಎಲೆ, ಹೂವು, ಹಣ್ಣು, ನೀರು ಭಕ್ತಿಯಿಂದ ಕೊಟ್ಟರೆ ಸಾಕೆನ್ನುವ ಗೀತೆಯನ್ನು ನಂಬುವವರು ಬೆಳೆಯ ಹುಟ್ಟೂರು ಕೇಳಬೇಕಿಲ್ಲ. ಈ ಸೀಮೆಯ ರೈತ ಬೆಳೆದ ಶೇಂಗಾದ ಹೋಳಿಗೆಯನ್ನು ದೇವರ ನೈವೇದ್ಯಕ್ಕೆ ಧಾರಾಳವಾಗಿ ಇಡಬಹುದು.